ಮದುವೆಗೆ ಬರ್ತೀವಿ ಅಂತ ನಂಬರ್ ಕೊಟ್ಟವರಿಗೆ

ಫ್ರೆಂಡ್ಸ್, ನಮ್ಮ ಮದುವೆಯ ಆನ್‌ಲೈನ್ ಕರೆಯೋಲೆ ನೆನಪಿದೆಯಾ? ಹೂವು ಉದುರುತ್ತಿತ್ತಲ್ಲ, ಓಲಗ ಕೇಳಿಸುತ್ತಿತ್ತಲ್ಲ! ಊಟಕ್ಕೆ ಎಷ್ಟು ಜನ ಅಂತ ಗೊತ್ತಾಗಲಿ, ‘ಖಂಡಿತ ಬರ್ತೀವಿ’ ಒತ್ತಿ ನಿಮ್ಮ ಫೋನ್ ನಂಬರ್ ಹಾಕಿ ಅಂದಿದ್ದೆನಲ್ಲ, ಅದೇ ವೆಬ್‌ಸೈಟು.

ಇವತ್ತು ಬೆಳಿಗ್ಗೆ ನಮ್ಮೆಜಮಾನರ ದೊಡ್ಡಪ್ಪ ಪಂಚನಹಳ್ಳಿಯಿಂದ ಬಸ್ ಹತ್ತಿ ಕಡೂರಿನ ನಮ್ಮ ಮನೆಗೇ ಬಂದುಬಿಟ್ಟರು. ವಯಸ್ಸು ಎಪ್ಪತ್ತು.

“ದಿನಾ ಒಂದು ಹುಡುಗಿ ಫೋನ್ ಮಾಡಿ, ಹನಿಮೂನ್‌ಗೆ ಯಾವಾಗ ಹೊರಡ್ತೀರಾ ಸಾರ್ ಅಂತಾಳೆ. ನಿಮ್ಮ ದೊಡ್ಡತ್ತೆ ಎರಡು ದಿನದಿಂದ ನಂಗೆ ಕಾಫಿ ಕೊಟ್ಟಿಲ್ಲ ಕಣಮ್ಮ!”

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ಹನಿಮೂನ್ ಟೂರ್ ಮಾರುವವರಿಗೆ ಇವರ ನಂಬರ್ ಎಲ್ಲಿ ಸಿಕ್ಕಿತು ಅಂತ ಯೋಚಿಸಿ, ಆ ವೆಬ್‌ಸೈಟಿನ ಷರತ್ತುಗಳನ್ನು ಮೊದಲ ಸಲ ತೆಗೆದು ಓದಿದೆ. ಅತಿಥಿಗಳ ನಂಬರುಗಳನ್ನು ‘ನಮ್ಮ ಪಾಲುದಾರರ ಜೊತೆ ಹಂಚಿಕೊಳ್ಳುತ್ತೇವೆ’ ಅಂತ ಸ್ಪಷ್ಟವಾದ ಇಂಗ್ಲಿಷಿನಲ್ಲೇ ಬರೆದಿದ್ದಾರೆ. ಕೆಳಗೆ ‘ಓದಿದ್ದೇನೆ, ಒಪ್ಪಿದ್ದೇನೆ’ ಅಂತ ಟಿಕ್ ಹಾಕಿದವಳು ನಾನೇ.

ಅತ್ತೆ ಅಡುಗೆಮನೆಯಿಂದಲೇ ಅಂದರು, “ಹುಡುಗಿ ಇಂಗ್ಲಿಷ್ ಮೀಡಿಯಂ ಅಂತ ಬೀಗರು ಹೇಳಿದ್ರು. ಓದೋಕೆ ಬತ್ತದೆ ಅಂದ್ಕೊಂಡಿದ್ದೆ.”

ದೊಡ್ಡತ್ತೆಗೆ ಫೋನ್ ಮಾಡಿ ತಪ್ಪೆಲ್ಲ ನನ್ನದೇ ಅಂತ ಒಪ್ಪಿಕೊಂಡೆ. ದೊಡ್ಡಮಾವನಿಗೆ ಕಾಫಿ ಮತ್ತೆ ಮಂಜೂರಾಯಿತು. ಅತಿಥಿಗಳ ಪಟ್ಟಿಯನ್ನೂ ಅಳಿಸಿದೆ, ಆದರೆ ಈಗಾಗಲೇ ಹಂಚಿದ ನಂಬರುಗಳು ವಾಪಸ್ ಬರುವುದಿಲ್ಲವಂತೆ.

ನಿಮಗೂ ಫೋನ್ ಬರುತ್ತಿದ್ದರೆ ಸಾರಿ, ಸಾರಿ, ಸಾರಿ! ‘ಖಂಡಿತ ಬರ್ತೀವಿ’ ಅಂತ ಒತ್ತಿ ಬೀರೂರಿನ ಛತ್ರದ ಕಡೆ ತಲೆ ಹಾಕದವರಿಗೆ ಮಾತ್ರ ಈ ಸಾರಿ ಅನ್ವಯಿಸುವುದಿಲ್ಲ.