ಸೀರೆ ಗಾರ್ಡ್ ಬಿಚ್ಚಿಸಿದ ಬೈಕು

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಮ್ಮ ಕಡೆ ಹೊಸ ಬೈಕು ಕೊಂಡವರು ಮೊದಲು ಪೂಜೆ ಮಾಡಿಸುತ್ತಿದ್ದರು, ಆಮೇಲೆ ಸೀರೆ ಗಾರ್ಡ್ ಬಿಚ್ಚಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಎರಡೂ ಕಾಲನ್ನು ಒಂದೇ ಬದಿಗೆ ಇಳಿಬಿಟ್ಟು ಕೂರುವ ಹೆಂಗಸಿನ ಸೆರಗು, ನೆರಿಗೆ ಚಕ್ರಕ್ಕೆ ಸಿಕ್ಕದಿರಲೆಂದು ಬೈಕಿನ ಜೊತೆಗೇ ಬರುತ್ತಿದ್ದ ಕಬ್ಬಿಣದ ಜಾಲರಿ ಅದು. ಅದಿರುವ ಬೈಕನ್ನು ಹುಡುಗರು ‘ಸಂಸಾರಸ್ಥರ ಗಾಡಿ’ ಎಂದು ಹಂಗಿಸುತ್ತಿದ್ದರು. ಹಾಗೆನ್ನಿಸಿಕೊಳ್ಳುವುದು ಸಂಸಾರಸ್ಥರಿಗೂ ಅವಮಾನವಾಗಿತ್ತು.

ಅಕ್ಕನನ್ನು ಆನವಟ್ಟಿಯ ಆಚೆಗಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಭಾವನಿಗೆ ಆನವಟ್ಟಿಯಲ್ಲಿ ಭತ್ತದ ವ್ಯಾಪಾರ. ಅಕ್ಕ ಅಲ್ಲಿಯೇ ಒಂದು ಕೋಣೆ ಬಾಡಿಗೆಗೆ ಹಿಡಿದು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಬೆಳಗಿನ ಬಸ್ಸನ್ನು ನೆಚ್ಚುವಂತಿರಲಿಲ್ಲ. ಅವಳು ತಲುಪುವಷ್ಟರಲ್ಲಿ ಹುಡುಗಿಯರು ಬಾಗಿಲಲ್ಲಿ ಕಾದು ಮನೆಗೆ ಮರಳಿದ ದಿನಗಳೂ ಇದ್ದವು. ಆದ್ದರಿಂದ ಗಂಡ ಬೈಕು ಕೊಳ್ಳುತ್ತಾನೆಂದಾಗ ಅವನಿಗಿಂತ ಹೆಚ್ಚು ಹಿಗ್ಗಿದವಳು ಅವಳು.

ನಾನಾಗ ಶಿಕಾರಿಪುರದಲ್ಲಿ ಬಿ.ಎ. ಓದುತ್ತಿದ್ದೆ. ಬೈಕು ಕೊಳ್ಳಲು ಭಾವ ಅಲ್ಲಿಗೇ ಬಂದರು. ಅಂಗಡಿಯವರು ಉದ್ದ ಸೀಟಿನ, ಪೆಟ್ರೋಲು ಕಡಿಮೆ ಕುಡಿಯುವ ಬೈಕೊಂದನ್ನು ತೋರಿಸಿದರು. ಭಾವನ ಕೈ ಆಗಲೇ ಪಕ್ಕದ ಕೆಂಪು ಟ್ಯಾಂಕಿನ ಮೇಲಿತ್ತು.

“ಭಾವ, ಇದರ ಸೀಟು ಹಿಂದಕ್ಕೆ ಏರಿಕೊಂಡಿದೆ. ಅಕ್ಕ ಹೇಗೆ ಕೂರಬೇಕು?” ಎಂದೆ.

“ಗಟ್ಟಿಯಾಗಿ ನನ್ನ ಹಿಡ್ಕಂಡು ಕೂರ್ತಾಳೆ, ಲಾಯರಮ್ಮ. ನಿಂಗ್ಯಾಕೆ ಹೊಟ್ಟೆಕಿಚ್ಚು?”

ಪೂಜೆ ಮುಗಿಸಿ, ನಿಂಬೆಹಣ್ಣು ತುಳಿಸಿ, ಬೈಕನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದೇ ಹೊರಬಂದ. “ಬಿಚ್ಚೋದು ತಾನೇ ಸಾರ್?” ಎಂದನೇ ಹೊರತು ಏನನ್ನೆಂದು ಕೇಳಲಿಲ್ಲ. ಕನ್ನಡಿಗಳೂ ಹೋದವು. ಕಳಚಿದ ಗಾರ್ಡನ್ನು ಭಾವ ಗೋಣಿಚೀಲದಲ್ಲಿ ಸುತ್ತಿ ಮನೆಗೆ ಒಯ್ದರು; ಕಬ್ಬಿಣ, ಯಾವುದಕ್ಕಾದರೂ ಬಂದೀತು.

ಕೆಲವು ತಿಂಗಳು ಅಕ್ಕ ಹೊತ್ತಿಗೆ ಸರಿಯಾಗಿ ಕೋಣೆಯ ಬೀಗ ತೆಗೆದಳು. ಆಮೇಲೊಂದು ಬೆಳಿಗ್ಗೆ, ಮೋರಿಕಟ್ಟೆಯ ತಿರುವಿನಲ್ಲಿ ಸೆರಗು ಚಕ್ರಕ್ಕೆ ಸುತ್ತಿಕೊಂಡಿತು. “ಹಿಂದಿಂದ ಯಾರೋ ಜಗ್ಗಿದಂಗಾತು ಕಣೆ, ಅಷ್ಟೇ ಗೊತ್ತು,” ಎಂದಳು. ಎಡಗಾಲಿನ ಹರಡು ಮುರಿದಿತ್ತು. ಸೆರಗು ಬಿಗಿದ ಗೆರೆ ಕುತ್ತಿಗೆಯ ಮೇಲೆ ಬಹಳ ದಿನ ಮಾಸದೆ ಉಳಿಯಿತು.

ನೋಡಲು ಬಂದವರೆಲ್ಲ ಮಂಚದ ಪಕ್ಕ ಕೂತು ಸೆರಗಿನ ಮೇಲೆಯೇ ತೀರ್ಪು ಕೊಟ್ಟರು.

“ಸೊಂಟಕ್ಕೆ ಸಿಕ್ಕಿಸ್ಕಬಾರ್ದಿತ್ತೇನೆ?”

“ಹೊಲಿಗೆ ಟೀಚರಂತೆ, ಸೀರೆ ಉಡಾಕೇ ಬರಲ್ಲ!”

“ಗಾಡಿಗೇನೂ ಆಗ್ಲಿಲ್ಲ ತಾನೆ?”

ಆ ಊರಿನಲ್ಲಿ ಆಮೇಲೆ ಹೆಂಗಸರೆಲ್ಲ ಸೆರಗಿಗೆ ಪಿನ್ನು ಚುಚ್ಚಿಕೊಂಡು ಬೈಕು ಹತ್ತತೊಡಗಿದರು. ಒಂದೇ ಒಂದು ಬೈಕಿಗೂ ಗಾರ್ಡ್ ಮರಳಲಿಲ್ಲ. ಅಂದವನ್ನು ಗಂಡಸು ಆರಿಸಿಕೊಳ್ಳಬಹುದಿತ್ತು. ಎಚ್ಚರವನ್ನು ಮಾತ್ರ ಹೆಂಗಸೇ ಹೊರಬೇಕಿತ್ತು.

ಪ್ಲಾಸ್ಟರ್ ಬಿಚ್ಚಿದ ವಾರ ನಾನು ಹೋದೆ. ಅಕ್ಕ ಯಾವಾಗ ಬರುತ್ತಾಳೆಂದು ಹುಡುಗಿಯರು ಇನ್ನೂ ಕೇಳಿ ಕಳಿಸುತ್ತಿದ್ದರು. ಇನ್ನು ತಡವಾದರೆ ಕೋಣೆಯ ಮಾಲೀಕರು ಬೇರೆಯವರಿಗೆ ಕೊಡುವವರಿದ್ದರು. ಅಕ್ಕ ಮತ್ತೆ ಹೋಗುವಂತಾಗಬೇಕು ಎಂಬ ಒಂದೇ ಗುರಿಯಿಂದ, ಜಗಲಿಯ ಮೇಲೆ ಹಿರಿಯರಿಬ್ಬರು ಕೂತಿದ್ದ ಹೊತ್ತು ನೋಡಿ, ನಾನು ವಾದಕ್ಕಿಳಿದೆ. ತಪ್ಪು ಸೀರೆಯದಲ್ಲ, ಚಕ್ರದ್ದು. ಮರೆಯಿಲ್ಲದ ಚಕ್ರದ ಪಕ್ಕ ಕೂತ ಹೆಂಗಸಿನ ಜೀವಕ್ಕೇ ಅಪಾಯ. ಈ ಸಲ ಕಾಲು ಹೋಯಿತು, ಸೆರಗು ಕುತ್ತಿಗೆಗೆ ಇನ್ನೊಂದು ಸುತ್ತು ಬಿಗಿದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಹಿರಿಯರು ತಲೆದೂಗಿದರು.

“ಒಪ್ಪಿದೆ ಮಾರಾಯ್ತಿ,” ಎಂದರು ಭಾವ ಕೊನೆಗೆ. “ಹಿಂದೆ ಕೂತೋಳ ಜೀವಕ್ಕೇ ಅಪಾಯ, ಅಂದೆ ತಾನೆ? ಹಂಗಾದ್ರೆ ಕೂರೋದೇ ಬ್ಯಾಡ. ಮನೇಲಿರ್ಲಿ.”

“ಇಷ್ಟು ದಿನಕ್ಕೆ ನಿನ್ ನಾದಿನಿ ಒಂದು ಬುದ್ಧಿ ಮಾತು ಆಡಿದ್ಲು ನೋಡು,” ಎಂದರು ಒಳಗಿನಿಂದ ಅವರ ತಾಯಿ.

“ನಾನು ಹೇಳಿದ್ದು ಅದಲ್ಲ, ಭಾವ. ಗಾರ್ಡ್ ಹಾಕಿಸಿ ಅಂದೆ.”

“ಆ ಜಾಲರಿ ಸಿಗಿಸ್ಕಂಡು ಹೋದ್ರೆ ಅಂಗಡಿ ಮುಂದೆ ಮುಖ ಎತ್ತಂಗಿಲ್ಲ. ಅಲ್ದೆ ಈಗದು ಎಲ್ಲದೆಯೋ!”

ಹಿರಿಯರು ನಕ್ಕರು. ಭಾವ ಕಿಕ್ ಹೊಡೆದು ಹೊರಟೇ ಹೋದರು; ಆ ಸದ್ದು ಊರ ಬಾವಿ ದಾಟುವವರೆಗೂ ಜಗಲಿಗೆ ಕೇಳುತ್ತಿತ್ತು.

ನಾನು ಗಾರ್ಡನ್ನು ಹುಡುಕುತ್ತ ಅಟ್ಟ, ಕೊಟ್ಟಿಗೆ ಎರಡನ್ನೂ ತಡಕಿದೆ. ಸಿಕ್ಕಿದ್ದು ಬಚ್ಚಲಿನಲ್ಲಿ. ನೀರು ಹೊರಹೋಗುವ ಕಿಂಡಿಗೆ ಅದನ್ನು ಅಡ್ಡವಾಗಿ ಬಿಗಿದಿದ್ದರು. ಬಗ್ಗಿ ಎರಡೂ ಕೈಯಿಂದ ಎಳೆದೆ. ಜಾಲರಿ ಸಡಿಲಗೊಂಡು ಅರ್ಧ ಹೊರಬಂತು.

ಅಕ್ಕ ಗೋಡೆ ಹಿಡಿದು ಕುಂಟುತ್ತ ಬಂದು ಬಾಗಿಲಲ್ಲಿ ನಿಂತಳು. ಪಾದ ಇನ್ನೂ ಊದಿಕೊಂಡಿತ್ತು.

“ಬಿಡೆ. ತೆಗೆದ್ರೆ ಹೆಗ್ಗಣ ಒಳಗೆ ಬರ್ತವೆ. ಅತ್ತೆ ಬೈತಾರೆ.”

“ನಿನ್ನ ಹುಡುಗಿಯರು?”

“ಕೋಣೆ ಬಿಟ್ಟು ಹೊಲಿಗೆ ಮೆಷಿನ್ ನಾಳೆ ಟ್ರ್ಯಾಕ್ಟರಿನಲ್ಲಿ ಮನೆಗೆ ತರಿಸ್ತಾರಂತೆ. ನಿನ್ ಭಾವ ಮೊನ್ನೇನೆ ಹೇಳಿದ್ರು.”

ಮೊನ್ನೆಯೇ. ಜಗಲಿಯಲ್ಲಿ ನಾನು ಮೊದಲ ಮಾತು ಆಡುವ ಮುಂಚೆಯೇ ಅದು ತೀರ್ಮಾನವಾಗಿತ್ತು. ನನ್ನ ವಾದ ಅದಕ್ಕೊಂದು ಕಾರಣ ಒದಗಿಸಿತ್ತು, ಅಷ್ಟೆ. ನಾನು ಜಾಲರಿಯನ್ನು ಹಿಡಿದೇ ಕೂತಿದ್ದೆ. ಅಕ್ಕ ಬಂದು ನನ್ನ ಬೆರಳುಗಳನ್ನು ಅದರಿಂದ ಬಿಡಿಸಿ, ನೋವಿಗೆ ಹಲ್ಲು ಕಚ್ಚಿ ಬಗ್ಗಿ, ಅದನ್ನು ಮತ್ತೆ ಕಿಂಡಿಗೆ ಒತ್ತಿ ಕೂರಿಸಿದಳು.