ಒಂದೂ ದೂರಿಲ್ಲದ ಕಿಟಕಿ

ಬೆಳಗಿನ ಎಂಟೂವರೆ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಇನ್ನೂ ಕಸ ಗುಡಿಸುತ್ತಿದ್ದಾರೆ. ಸಹಾಯ ಕಿಟಕಿಯ ಹಿಂದೆ ಕಂಪ್ಯೂಟರ್ ಆಪರೇಟರ್ ಆಗಲೇ ಹಾಜರು. ಹೊರಗೆ ಹುಡುಗಿಯೊಬ್ಬಳು ಅಳುಮೋರೆ ಹಾಕಿಕೊಂಡು ನಿಂತಿದ್ದಾಳೆ. ಶುಲ್ಕ ಕಟ್ಟಿದ್ದರೂ ತಂತ್ರಾಂಶ ಅವಳಿಗೆ ಪ್ರವೇಶಪತ್ರ ಕೊಡುತ್ತಿಲ್ಲ.

"ಅಳ್ಬೇಡ ಕಣೇ, ನಂಬರ್ ಹೇಳು," ಎನ್ನುತ್ತಾ ಇವರು ತಪ್ಪಿಹೋದ ದಾಖಲೆಯನ್ನು ಕೈಯಾರೆ ಜೋಡಿಸಿ, ಪ್ರವೇಶಪತ್ರ ಮುದ್ರಿಸಿ ಕೊಡುತ್ತಾರೆ. ಹುಡುಗಿ ಪರೀಕ್ಷೆಗೆ ಓಟ ಕೀಳುತ್ತಾಳೆ.

ಹದಿನೆಂಟು ವರ್ಷದಿಂದ ಇದೇ ಕೆಲಸ. ವಿದ್ಯಾರ್ಥಿಗಳ ಬಾಯಲ್ಲಿ ಇವರು 'ಕಿಟಕಿ ಅಕ್ಕ'. ಪರೀಕ್ಷೆ ಹತ್ತಿರ ಬಂದರೆ ದಿನಕ್ಕೆ ನೂರರ ಮೇಲೆ ಮಂದಿ. ಊಟಕ್ಕೆ ಕೂತರೂ ಫೋನು ಬಿಡದು. "ನಿನ್ನ ಫೋನು ನನಗೆ ಸವತಿ ಕಣೇ," ಎಂದು ಗಂಡ ರೇಗಿಸುತ್ತಾರೆ.

ಈ ತಿಂಗಳ ಕೊನೆಗೆ ಆ ಕಿಟಕಿ ಮುಚ್ಚುತ್ತದೆ. ಅಯ್ಯೋ, ಮುಚ್ಚಿಸಿದ್ದು ಅಕ್ಕನ ಒಳ್ಳೆಯತನವೇ! ತಂತ್ರಾಂಶ ಕೈಕೊಟ್ಟಾಗಲೆಲ್ಲ ದೂರು ದಾಖಲಿಸಬೇಕೆಂಬುದು ನಿಯಮ. ದೂರು ಮೇಲಕ್ಕೆ ಹೋಗಿ ಬರುವಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ. ಹಾಗಾಗಿ ಅಕ್ಕ ದೂರಿನ ಗೋಜಿಗೇ ಹೋಗದೆ ತಾವೇ ಸರಿಮಾಡಿ ಕಳಿಸುತ್ತಿದ್ದರು.

ಈಚೆಗೆ, ಈ ತಂತ್ರಾಂಶವೂ ಸೇರಿದಂತೆ ವಿಶ್ವವಿದ್ಯಾಲಯದ ಮಾಹಿತಿ ವ್ಯವಸ್ಥೆ ಎಷ್ಟು ಯಶಸ್ವಿ, ಎಷ್ಟು ಪಕ್ವ ಎಂದು ಅಳೆಯಲು ಮೌಲ್ಯಮಾಪನ ತಂಡ ಬಂತು. "ಒಂದೂ ದೂರಿಲ್ಲವಲ್ಲ ಮೇಡಂ, ಭೇಷ್!" ಎಂದು ಬೆನ್ನು ತಟ್ಟಿತು. ಅಕ್ಕ ನಕ್ಕು ಸುಮ್ಮನಾದರು. ವ್ಯವಸ್ಥೆಗೆ ಅತ್ಯುನ್ನತ ದರ್ಜೆ ಸಿಕ್ಕಿತು. ಇಷ್ಟು ಚೆನ್ನಾಗಿ ನಡೆಯುವ ವ್ಯವಸ್ಥೆಗೆ ಸಹಾಯ ಕಿಟಕಿ ಯಾಕೆ? ಮುಚ್ಚಲು ಆದೇಶವಾಯಿತು, ಅಕ್ಕನಿಗೆ ಗ್ರಂಥಾಲಯಕ್ಕೆ ವರ್ಗವಾಯಿತು.

"ಆ ತಂಡದವ್ರದೇನೂ ತಪ್ಪಿಲ್ಲ. ಕಂಡಿದ್ದನ್ನ ಬರ್ಕೊಂಡ್ರು. ನಾನು ಬಾಯಿ ಬಿಡ್ಬೇಕಿತ್ತು. ಹೊಗಳಿದ್ರಲ್ಲ, ಉಬ್ಬಿಹೋದೆ," ಎನ್ನುವಾಗ ಅಕ್ಕನ ಕಣ್ಣು ತುಂಬುತ್ತದೆ. ಆಮೇಲೆ ಮೇಲಧಿಕಾರಿಯ ಮುಂದೆ ಎಲ್ಲ ಹೇಳಿಕೊಂಡರಂತೆ. "ವರದಿ ಹೋಗಿಯಾಯ್ತಲ್ಲ, ಈಗೇನ್ಮಾಡೋಕಾಗುತ್ತೆ," ಎಂದು ಅವರು ಕೈತೊಳೆದುಕೊಂಡರು.

ಈಗ ಬಂದವರಿಗೆಲ್ಲ "ಮೊದ್ಲು ದೂರು ಹಾಕ್ರಪ್ಪಾ," ಎಂದು ಅಕ್ಕ ಗೋಗರೆಯುತ್ತಾರೆ. "ನೀವಿದ್ದೀರಲ್ಲ ಅಕ್ಕ!" ಎಂದು ಮಕ್ಕಳು ನಗುತ್ತಾರೆ. ದೂರು ಹಾಕದಿದ್ದರೂ ಯಾರನ್ನೂ ಬರಿಗೈಯಲ್ಲಿ ಕಳಿಸಲು ಅಕ್ಕನ ಮನಸ್ಸು ಒಪ್ಪುವುದಿಲ್ಲ.

ನಿಮ್ಮ ಆಸೆ ಏನೆಂದು ಕೇಳಿದರೆ ಮೆಲ್ಲಗೆ ಹೇಳುತ್ತಾರೆ: "ಕಿಟಕಿ ಮುಚ್ಚಿದ ದಿನ ಈ ಮಕ್ಳು ಗಲಾಟೆ ಮಾಡ್ಲಿ, ಎಲ್ರಿಗೂ ಕೇಳೋ ಹಾಗೆ. ಜಗಳಾಡಿ ಕೇಳೋದನ್ನ ನಾನೇ ಅವರಿಗೆ ಮರೆಸಿಬಿಟ್ಟೆ."