ಒಂದು ಬೆರಳು ಕಡಿಮೆ

ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿಸುವ ಎರಡು ವರ್ಷದ ಓದು ಅದು. ನಮ್ಮ ತರಗತಿಯಲ್ಲಿ ನನ್ನ ಸಮಕ್ಕೆ ಗೆರೆ ಎಳೆಯುವವರು ಯಾರೂ ಇರಲಿಲ್ಲ. ಹೀಗೆಂದರೆ ಜಂಬ ಎನ್ನುತ್ತೀರಿ, ಎನ್ನಿ, ನನಗೇನು! ಮಹಾರಾಜರ ಕಾಲ. ಮೈಸೂರಿನ ಆ ಕಾಲೇಜಿನಲ್ಲಿ ಒಂದು ಹಾಳೆ ಕೆಟ್ಟರೆ ಇನ್ನೊಂದಕ್ಕೆ ಮೇಷ್ಟ್ರ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ನಾನು ಒಂದು ದಿನವೂ ನಿಂತವನಲ್ಲ. ಪೆನ್ಸಿಲನ್ನು ಉಳಿಯ ಬಾಯಿಯ ಹಾಗೆ ಚಪ್ಪಟೆ ಹೆರೆದು ಟೀ ಸ್ಕ್ವೇರ್ ಎಂಬ ಗೆರೆಪಟ್ಟಿಗೆ ಒತ್ತಿ ಎಳೆದೆನೆಂದರೆ ಗೆರೆ ಕೂದಲೆಳೆಯಷ್ಟು ಸಣ್ಣ.

ಕೊನೆಯ ಪರೀಕ್ಷೆಗೆ ನಮ್ಮ ಮೇಷ್ಟ್ರು ಒಂದು ವಿಚಿತ್ರ ಕಟ್ಟಳೆ ಇಟ್ಟಿದ್ದರು. ನಿಮ್ಮ ಊರಿನ ಒಂದು ವಸ್ತುವಿನ ನಕ್ಷೆ ಬರೆಯಿರಿ, ಅದನ್ನು ನೋಡಿ ನಿಮ್ಮ ಊರಿನ ಕಸುಬುದಾರನೇ ಮಾಡಲಿ, ಆಮೇಲೆ ನಾನು ಬಂದು ನೋಡುತ್ತೇನೆ, ಎಂದರು. "ನಕ್ಷೆ ಮಾತಾಡಬೇಕು. ನೀವು ತುಟಿ ಪಿಟಕ್ ಅನ್ನಬಾರದು." ಒಂದು ಸಲ ತಪ್ಪಿದರೆ ಇನ್ನೊಂದು ಅವಕಾಶ. ಅದೂ ತಪ್ಪಿದರೆ ಸರ್ಟಿಫಿಕೇಟು ಇಲ್ಲ, ಎರಡು ವರ್ಷ ನೀರಿನಲ್ಲಿ ಹೋಮ.

ನಾನು ಒಳಗೊಳಗೇ ನಕ್ಕೆ. ನಮ್ಮದು ಹುಣಸೂರು, ಅಪ್ಪನದು ಕುಲುಮೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ತೊಡಿಸುವುದರಲ್ಲಿ ಅವರದು ಎತ್ತಿದ ಕೈ. ಬೆಟ್ಟದಪುರದಿಂದ, ಹಾರನಹಳ್ಳಿಯಿಂದ ರೈತರು ಹೊಗೆಸೊಪ್ಪಿನ ಗಾಡಿ ಹೊಡೆದುಕೊಂಡು ಬಂದು, ಹಳಿ ಸಡಿಲವಾದರೆ ಅವರ ಮುಂದೆಯೇ ನಿಲ್ಲಿಸುತ್ತಿದ್ದರು. ಮನೆಯೊಳಗೆ ಉರ್ದು ಮಾತಾಡುವ ನಾವು, ಗಿರಾಕಿಗಳ ಸಹವಾಸದಿಂದ ಕುಲುಮೆಯಲ್ಲಿ ಬರೀ ಕನ್ನಡದವರು. ಅಪ್ಪನ ಬೈಗುಳವೆಲ್ಲ ಕನ್ನಡದಲ್ಲೇ. ಗಾಡಿ ಚಕ್ರದ ನಕ್ಷೆ ಬರೆದು ಅವರಿಗೇ ಕೊಟ್ಟರಾಯಿತು, ಎಲ್ಲಾದರೂ ಕೂದಲೆಳೆ ವ್ಯತ್ಯಾಸವಿದ್ದರೆ ತಾವೇ ಸರಿಮಾಡಿಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದೆ.

ಮರದ ಚಕ್ರ ಸಿದ್ಧವಿತ್ತು. ಅದರ ಸುತ್ತಳತೆಯನ್ನು ಮೂರು ಸಲ ಅಳೆದು, ಹಳಿಯ ಒಳ ಸುತ್ತಳತೆಯನ್ನೂ ಅದಕ್ಕೆ ಸರಿಸಮನಾಗಿ ಬರೆದೆ. ಅಪ್ಪನಿಗೆ ಓದು ಅಷ್ಟಕ್ಕಷ್ಟೆ, ಆದರೆ ಗಜಕಡ್ಡಿಯ ಅಂಕಿ ಚೆನ್ನಾಗಿ ಬಲ್ಲರು. ಹಾಳೆಯನ್ನು ಎರಡು ಕೈಯಲ್ಲೂ ಹಿಡಿದು ತುಂಬ ಹೊತ್ತು ನೋಡಿದರು. ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ತಿದಿ ಒತ್ತಲು ಕೂತರು.

ಭಾನುವಾರ ಮೇಷ್ಟ್ರು ಬಸ್ಸಿನಲ್ಲಿ ಬಂದಿಳಿದರು. ಹಳಿ ತೊಟ್ಟ ಚಕ್ರ ಗೋಡೆಗೆ ಒರಗಿ ನಿಂತಿತ್ತು. ನಾನೇ ಜಂಬದಿಂದ ಅದನ್ನು ಬೀದಿಗೆ ತಂದು ಉರುಳಿಸಿದೆ. ಹತ್ತು ಮಾರು ಹೋಗಿರಲಿಲ್ಲ, ಹಳಿ ಕಳಚಿಕೊಂಡು ತನ್ನ ಪಾಡಿಗೆ ತಾನು ಇಳಿಜಾರಿನಲ್ಲಿ ಹೊರಟುಬಿಟ್ಟಿತು. ಎದುರಿಗೆ ಬರುತ್ತಿದ್ದ ಗಾಡಿಯ ಎತ್ತುಗಳು ಬೆದರಿದವು.

"ಯಾವನ್ಲಾ ಅವ್ನು, ಅಳಿ ಬುಟ್ಟವ್ನು!" ಎಂದು ಗಾಡಿಯವನು ಕೂಗಿದ.

ಬೀದಿಯೆಲ್ಲ ನಕ್ಕಿತು. ಅಪ್ಪ ಮಾತ್ರ ನಗಲಿಲ್ಲ. "ಕಾಗ್ದದಾಗೆ ಇದ್ದಂಗೇ ಮಾಡಿವ್ನಿ ಸ್ವಾಮಿ," ಎಂದು ಹಾಳೆಯನ್ನು ಮೇಷ್ಟ್ರ ಕೈಗಿತ್ತರು. ಅದರ ಮೇಲೆ ಅವರ ಮಸಿಗೈಯ ಹೆಬ್ಬೆಟ್ಟಿನ ಗುರುತು ಬೇರೆ ಬಿದ್ದಿತ್ತು. ಮೇಷ್ಟ್ರು ಅಳೆದು ನೋಡಿ, "ಹೌದು, ಸಾಹೇಬರದೇನೂ ತಪ್ಪಿಲ್ಲ. ಇನ್ನೊಂದು ಭಾನುವಾರ ಬರುತ್ತೇನೆ," ಎಂದು ಬಸ್ಸು ಹತ್ತಿದರು.

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮಗೆ ಗೊತ್ತಿರ್ಲಿಲ್ವಾ ಅಬ್ಬಾ? ಹಳಿ ಒಂದು ಬೆರಳು ಕಡಿಮೆ ಇರ್ಬೇಕು ಅಂತ?" ಎಂದು ಅಪ್ಪನನ್ನು ಕೇಳಿದೆ.

ಗೊತ್ತಿಲ್ಲದೆ ಏನು! ಹಳಿಯನ್ನು ಚಕ್ರಕ್ಕಿಂತ ಒಂದು ಬೆರಳು ಚಿಕ್ಕದಾಗಿಯೇ ಮಾಡಬೇಕು. ಕೆಂಪಗೆ ಕಾಸಿದರೆ ಹಿಗ್ಗುತ್ತದೆ, ಆಗ ತೊಡಿಸಿ ನೀರು ಹೊಯ್ದರೆ ಕುಗ್ಗಿ ಮರವನ್ನು ಕಚ್ಚಿ ಹಿಡಿಯುತ್ತದೆ. ನಾನೂ ಹುಟ್ಟಿದಾಗಿನಿಂದ ಕಂಡದ್ದು. ಕಂಡದ್ದನ್ನೇ ಕಾಗದಕ್ಕಿಳಿಸಲು ಮರೆತಿದ್ದೆ.

"ಗೊತ್ತಿತ್ತು ಕಣ್ಲಾ," ಎಂದರು ಅಪ್ಪ. "ಮಗ ಅಂತ ನಾನು ಸರಿಮಾಡ್ಕೊಂಡೆ ಅಂತಿಟ್ಕೋ. ನಾಳೀಕೆ ನಿನ್ ಮೊಕಾನೇ ಕಾಣ್ದೋನು ನಿನ್ ಕಾಗ್ದ ನಂಬ್ಕೊಂಡು ಗಾಡಿ ಮಾಡ್ತಾನಲ್ಲ, ಅದ್ರಾಗೆ ಕುಂತೋರ ಗತಿ ಏನ್ಲಾ?"

ಎರಡು ದಿನ ಅವರೊಡನೆ ಮಾತು ಬಿಟ್ಟೆ. ಕೈಲಾಗದವನು ಮೈ ಪರಚಿಕೊಂಡ ಹಾಗೆ. ಮೂರನೆಯ ದಿನ ಹೊಸ ಹಾಳೆ ಹಾಸಿದೆ. ಈ ಸಲ ಹಳಿಯ ಅಳತೆಯನ್ನು ಒಂದು ಬೆರಳು, ಅಂದರೆ ಮುಕ್ಕಾಲು ಅಂಗುಲ, ಕಡಿಮೆ ಬರೆದೆ. ಮೊದಲ ಹಾಳೆಯಲ್ಲಿ ಎಲ್ಲವೂ ಇಂಗ್ಲಿಷು. ಇದರ ಕೆಳಗೆ ದಪ್ಪ ಕನ್ನಡ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆ: ಕೆಂಪಗೆ ಕಾಸಿ ತೊಡಿಸಿ, ಕೂಡಲೇ ನೀರು ಹೊಯ್ಯುವುದು. ನನ್ನ ಮುಖ ಕಾಣದವನಿಗಾಗಿ ಬರೆದ ಸಾಲು ಅದು. ಅಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿದರು.

ಮುಂದಿನ ಭಾನುವಾರ ಮೇಷ್ಟ್ರು ಚಕ್ರವನ್ನು ತಾವೇ ಉರುಳಿಸಿದರು, ಕಲ್ಲಿನ ಮೇಲೆ ಎತ್ತಿ ಹಾಕಿದರು. ಹಳಿ ಜಗ್ಗಲಿಲ್ಲ. ನಕ್ಷೆಯ ಮೂಲೆಯಲ್ಲಿ ಬರೆದವನ ಸಹಿಗೊಂದು ಚೌಕ, ಅದರ ಪಕ್ಕ ಪರೀಕ್ಷಿಸಿದವರ ಸಹಿಗೊಂದು ಚೌಕ ಇರುತ್ತದೆ. ಆ ಎರಡನೆಯದರಲ್ಲಿ ಸಹಿ ಯಾವಾಗಲೂ ಮೇಷ್ಟ್ರದೇ. ಆವತ್ತು ಅವರು ಪೆನ್ನಿನ ಮುಚ್ಚಳ ತೆಗೆದು ಅಪ್ಪನಿಗೆ ಕೊಟ್ಟರು. "ಈ ನಕ್ಷೆ ಪರೀಕ್ಷೆ ಮಾಡಿದವರು ನೀವು ಸಾಹೇಬರೇ. ಹಾಕಿ."

ನನ್ನ ಎದೆ ಉಬ್ಬಿತು. ಅಪ್ಪ ಪೆನ್ನು ಮುಟ್ಟಲಿಲ್ಲ.

"ತಡೀರಿ ಸ್ವಾಮಿ. ಬರೀ ಚಕ್ರ ಉಳ್ಳಿಸಿದ್ರೆ ಆಯ್ತಾ? ಇನ್ನೂ ಬಾರ ಏರಿಲ್ಲ."

ಚಕ್ರವನ್ನು ಗಾಡಿಗೆ ಸೇರಿಸಿ, ಎತ್ತು ಹೂಡಿ, ತುಂಬ ಕಲ್ಲು ಹೇರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಹತ್ತು, ಕುಂತ್ಕೋ," ಎಂದರು. ಹೊಳೆಯವರೆಗೂ ಹೋಗಿ ಬಂದೆವು. ದಾರಿಯುದ್ದಕ್ಕೂ ಅವರು ನನ್ನ ಮುಖ ನೋಡಲಿಲ್ಲ, ಪಕ್ಕದಲ್ಲಿ ನಡೆಯುತ್ತಾ ಹಳಿಯನ್ನೇ ನೋಡಿದರು. ವಾಪಸು ಬಂದು, ಲುಂಗಿಗೆ ಎರಡೂ ಕೈ ಒರೆಸಿಕೊಂಡು, ಪೆನ್ನು ಈಸಿಕೊಂಡು ಸಹಿ ಹಾಕಿದರು.